ಇಂದಿನ ಧಮ್ಮ ಚಿಂತನೆ: ಸಿಪಾಯಿಯ ಮಾತು ಕೇಳಿಸಿಕೊಂಡ ವೈದ್ಯ





ಇವತ್ತು ಜೂನ್ 4. 1922ರ ಇದೇ ದಿನ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ವಿಲಿಯಂ ರಿವರ್ಸ್ ಎಂಬ ವೈದ್ಯರು ತೀರಿಕೊಂಡರು. ಆಗ ಅವರಿಗೆ 58 ವರ್ಷ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯಕೀಯ ದಳದಲ್ಲಿ ಕ್ಯಾಪ್ಟನ್ ಆಗಿದ್ದವರು. ಗುಂಡು ತೆಗೆಯುವ, ಮೂಳೆ ಕೂಡಿಸುವ ವೈದ್ಯರಲ್ಲ. ಮೈಮೇಲೆ ಒಂದು ಗೀರೂ ಇಲ್ಲದೆ ಮನಸ್ಸು ಚೂರಾಗಿ ಬಂದ ಸೈನಿಕರನ್ನು ನೋಡಿಕೊಂಡ ಮನೋವೈದ್ಯರು. ಇವತ್ತಿನ ಚಿಂತನೆ ಅವರ ಸ್ಮರಣೆಗೆ.

"ಬಿಳಿಯರ ಸೈನ್ಯದ ಡಾಕ್ಟರು ನಮಗ್ಯಾಕ್ರಿ ಸರ್?" ಅಂತ ಬಳಗದ ಒಬ್ಬ ತಮ್ಮ ನಿನ್ನೆ ರಾತ್ರಿಯೇ ಕೇಳಿದ. ಕೇಳಿದ್ದು ಸರಿ. ಯಾರೋ ಹೇಳಿದರೆಂದು ನಂಬಬೇಡಿ ಅಂತ ಕಾಲಾಮರಿಗೆ ಹೇಳಿದ ಗುರುವಿನ ಶಿಷ್ಯರು ನಾವು. ಉತ್ತರ ಸ್ವಲ್ಪ ಉದ್ದ ಇದೆ. ಬಿಸಿಲು ಏರುವ ಮುಂಚೆ ಓದಿ ಮುಗಿಸಿ.

ಸೈನ್ಯ ನಮಗೆ ಹೊರಗಿನದಲ್ಲ. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲ್ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಕಲಿಸಿದವರು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ 1941ರಲ್ಲಿ ಎದ್ದು ನಿಂತದ್ದು ನಮ್ಮ ಬೆಳಗಾವಿಯಲ್ಲಿ. ಇವತ್ತಿಗೂ ಕಲ್ಮಲ, ಮಾನ್ವಿ, ದೇವದುರ್ಗ ಕಡೆಯ ನಮ್ಮ ಕೇರಿಯ ಹುಡುಗರು ನಸುಕಿನಲ್ಲಿ ಡಾಂಬರು ರಸ್ತೆ ಹಿಡಿದು ಓಡುವುದು ಸೈನ್ಯದ ಭರ್ತಿಗೆ. ಆಯ್ಕೆಯಾದರೆ ಪೇಢೆ ಹಂಚುತ್ತೇವೆ, ಯೂನಿಫಾರ್ಮಿನ ಫೋಟೊವನ್ನು ಬಾಬಾಸಾಹೇಬರ ಫೋಟೊ ಪಕ್ಕದಲ್ಲೇ ತೂಗು ಹಾಕುತ್ತೇವೆ. ನಿವೃತ್ತಿಯಾಗಿ ಬಂದ ಮೇಲೆ ಪಿಂಚಣಿ ಎಷ್ಟು, ಕ್ಯಾಂಟೀನ್ ಕಾರ್ಡು ಇದೆಯಾ ಅಂತ ಕೇಳುತ್ತೇವೆ. ಅಲ್ಲಿಗೆ ನಮ್ಮ ಕೇಳುವುದು ಮುಗಿಯಿತು.

ನಮ್ಮ ಬಳಗಕ್ಕೆ ಬರುವ ಅಣ್ಣ ಒಬ್ಬರಿದ್ದಾರೆ. ಊರು, ಹೆಸರು ಬೇಡ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿ ಪಡೆದಿದ್ದೇನೆ. ಗಡಿಯಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಬಂದು ಆರು ವರ್ಷವಾದರೂ ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಕೂಡುತ್ತಾರೆ. ಮದುವೆ ಮೆರವಣಿಗೆಯಲ್ಲಿ ಪಟಾಕಿ ಸಿಡಿದರೆ ಬೆವರು. ಮನೆಯವರು ಮೊದಲು "ಗಾಳಿ ಸೋಕ್ಯಾದ" ಅಂದರು, ತಾಯಿತ ಕಟ್ಟಿಸಿದರು. ಆಮೇಲೆ ಧಮ್ಮಕ್ಕೆ ಬಂದರು, ತಾಯಿತ ಬಿಚ್ಚಿದರು. ಬಿಚ್ಚಿದ ಜಾಗದಲ್ಲಿ ನಾವು ಏನು ಕಟ್ಟಿದೆವು? "ಧೈರ್ಯ ತಂದ್ಕೊ ಅಣ್ಣ, ಭೀಮನ ಮಕ್ಕಳು ಅಳಬಾರದು, ಎಲ್ಲಾ ಮರೆತುಬಿಡು." ಆ ಅಣ್ಣ ಹೇಳಿದ್ದು ಒಂದೇ ಮಾತು: "ಹಗಲೆಲ್ಲ ಮರೀತೀನ್ರಿ. ರಾತ್ರಿ ಅದಾ ನನ್ನ ನೆನಸ್ತದ."

ನೂರು ವರ್ಷದ ಹಿಂದೆ ರಿವರ್ಸ್ ಅವರ ಮುಂದೆ ಕೂತ ಸೈನಿಕರೂ ಇದನ್ನೇ ಹೇಳಿದರು. ಆದ್ದರಿಂದ ಅವರು ನಮಗೆ ಬೇಕು.

ರಿವರ್ಸ್ ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ತಂದೆ ಪಾದ್ರಿ, ಉಗ್ಗುವವರಿಗೆ ಮಾತು ಕಲಿಸುವ ಕೆಲಸವನ್ನೂ ಮಾಡುತ್ತಿದ್ದವರು. ಮಗನಿಗೇ ಉಗ್ಗು. ಜೀವನಪೂರ್ತಿ ಅದು ಪೂರ್ತಿ ಹೋಗಲಿಲ್ಲ. ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಹೇಗಿರುತ್ತದೆಂದು ಪುಸ್ತಕದಿಂದ ತಿಳಿಯಬೇಕಾದ ಮನುಷ್ಯ ಅಲ್ಲ ಅವರು. ನರಗಳ ಬಗ್ಗೆ ಕೆಲಸ ಮಾಡಿದರು. ಹೆನ್ರಿ ಹೆಡ್ ಎಂಬ ಗೆಳೆಯ 1903ರಲ್ಲಿ ತನ್ನ ತೋಳಿನ ನರವನ್ನೇ ಕೊಯ್ಯಿಸಿಕೊಂಡರು. ಕಳೆದುಹೋದ ಸ್ಪರ್ಶ ಎಲ್ಲಿಂದ, ಹೇಗೆ ಮರಳುತ್ತದೆಂದು ರಿವರ್ಸ್ ನಾಲ್ಕು ವರ್ಷ ಚುಚ್ಚಿ, ಮುಟ್ಟಿ, ಬರೆದಿಟ್ಟರು. ನೋವು ಅಂದರೇನು ಅಂತ ಕೇಳುವುದಕ್ಕೆ ಇಷ್ಟು ತಾಳ್ಮೆ ಬೇಕು.

ಅದಕ್ಕೂ ಸ್ವಲ್ಪ ಮೊದಲು, 1901-02ರಲ್ಲಿ ಅವರು ನಮ್ಮ ಪಕ್ಕಕ್ಕೇ ಬಂದಿದ್ದರು. ಚಾಮರಾಜನಗರ ದಾಟಿದರೆ ಸಿಗುವ ನೀಲಗಿರಿಗೆ. ಅಲ್ಲಿ ತೋಡರ ನಡುವೆ ತಿಂಗಳುಗಟ್ಟಲೆ ಇದ್ದು 1906ರಲ್ಲಿ ದೊಡ್ಡ ಗ್ರಂಥ ಬರೆದರು. ಆಗ ತೋಡರು ಇದ್ದದ್ದೇ ಸುಮಾರು ಎಂಟುನೂರು ಜನ. ಅಲ್ಲಿಯೇ ಬಡಗರೂ ಇದ್ದಾರೆ, ನಮ್ಮ ಕನ್ನಡಕ್ಕೆ ತೀರ ಹತ್ತಿರದ ನುಡಿಯವರು. ಬಡಗ ಅಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಹೋದವರು ಎಂದೇ ಅರ್ಥ. ರಿವರ್ಸ್ ಒಂದೊಂದು ಮನೆತನದ ಹೆಸರು, ಅಜ್ಜ, ಮುತ್ತಜ್ಜ, ಸೋದರಮಾವ ಎಲ್ಲ ಕೇಳಿ ವಂಶಾವಳಿ ಬರೆದುಕೊಂಡರು. ಈ ಕೆಲಸದ ಬಗ್ಗೆ ನನಗೆ ಒಂದು ತಕರಾರೂ ಇದೆ. ಆಳುವವರ ದೇಶದಿಂದ ಬಂದು ಬಡವರ ದೇವರ ಗುಟ್ಟು ಕೇಳುವುದು ಸಲೀಸಾದ ವಿಚಾರ ಅಲ್ಲ. ಗುಟ್ಟು ಹೇಳಿದ ಕೆಲವರ ಮನೆಯಲ್ಲಿ ಕೇಡು ಸಂಭವಿಸಿದಾಗ, ಹೇಳಿದ್ದಕ್ಕೇ ಹೀಗಾಯಿತೆಂದು ತೋಡರು ನಂಬಿದರು, ಬಾಯಿ ಮುಚ್ಚಿಕೊಂಡರು. ಅದನ್ನು ಮುಚ್ಚಿಡದೆ ತಮ್ಮ ಪುಸ್ತಕದಲ್ಲೇ ಬರೆದರು ರಿವರ್ಸ್. ನನಗೆ ಮನುಷ್ಯ ಇಷ್ಟವಾಗುವುದು ಇಂಥ ಕಡೆ.

1914ರಲ್ಲಿ ಯುದ್ಧ ಶುರುವಾಯಿತು. ತಿಂಗಳುಗಟ್ಟಲೆ ಕಂದಕದಲ್ಲಿ ಕೂತು, ತಲೆ ಮೇಲೆ ಶೆಲ್ ಬೀಳುವುದನ್ನು ಕಾಯುವ ಯುದ್ಧ ಅದು. ಗಟ್ಟಿಮುಟ್ಟಾದ ಗಂಡಸರು ಮಾತು ಕಳೆದುಕೊಂಡರು, ಕಾಲು ಎಳೆಯಲಾರದೆ ಬಿದ್ದರು, ನಡುಗಿದರು, ರಾತ್ರಿ ಚೀರಿದರು. ಶೆಲ್ ಶಾಕ್ ಅಂತ ಅದಕ್ಕೆ ಹೆಸರು ಬಿತ್ತು. ಬ್ರಿಟಿಷ್ ಸೈನ್ಯವೊಂದರಲ್ಲೇ ಇಂಥವರು ಸುಮಾರು 80 ಸಾವಿರ ಎಂಬ ಲೆಕ್ಕವಿದೆ. ಮೇಲಧಿಕಾರಿಗಳಲ್ಲಿ ಬಹಳ ಮಂದಿಗೆ ಇದು ಕಾಯಿಲೆಯಾಗಿ ಕಾಣಲಿಲ್ಲ, ಹೇಡಿತನವಾಗಿ ಕಂಡಿತು. ಕಂದಕ ಬಿಟ್ಟು ಓಡಿದ, ಹೆದರಿದ ಎಂಬಂಥ ಆರೋಪಗಳಲ್ಲಿ ತಮ್ಮದೇ ಸೈನ್ಯದ ಗುಂಡಿಗೆ ಸತ್ತವರು 306 ಜನ. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ, ಮಕ್ಕಳೂ ಮುದುಕರಾಗಿ ಹೋದ ಮೇಲೆ.

ರಿವರ್ಸ್ 1915ರಲ್ಲಿ ಈ ಕೆಲಸಕ್ಕೆ ಸೇರಿದರು, 1916ರಲ್ಲಿ ಎಡಿನ್‌ಬರೋ ಪಕ್ಕದ ಕ್ರೇಗ್‌ಲಾಕ್‌ಹಾರ್ಟ್ ಸೈನಿಕ ಆಸ್ಪತ್ರೆಗೆ ಬಂದರು. ಅಲ್ಲಿಗೆ ಬಂದವರಿಗೆಲ್ಲ ಅಲ್ಲಿಯವರೆಗೆ ಸಿಕ್ಕ ಔಷಧಿ ಒಂದೇ: ಮರೆತುಬಿಡಿ. ವೈದ್ಯರು ಹೇಳಿದ್ದರು, ಹೆಂಡತಿ ಹೇಳಿದ್ದಳು, ತಂದೆ ಹೇಳಿದ್ದರು. ಬೇರೆ ವಿಷಯ ಮಾತಾಡಿ, ಗಾಲ್ಫ್ ಆಡಿ, ಪೇಪರು ಓದಬೇಡಿ. ಆ ಸೈನಿಕರೂ ಪ್ರಾಣ ಕೊಟ್ಟು ಮರೆಯಲು ಹೆಣಗಿದರು. ಹೆಣಗಿದಷ್ಟೂ ರಾತ್ರಿ ಜಾಸ್ತಿಯಾಯಿತು. 1917ರ ಡಿಸೆಂಬರಿನಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ರಿವರ್ಸ್ ಒಂದು ಪ್ರಬಂಧ ಓದಿದರು. ಅದರ ಸಾರ ಇಷ್ಟು: ಇವರನ್ನು ಮಲಗಗೊಡದೆ ಇರುವುದು ಯುದ್ಧದ ನೆನಪು ಮಾತ್ರ ಅಲ್ಲ, ಆ ನೆನಪನ್ನು ಅದುಮುವ ಪ್ರಯತ್ನವೂ ಹೌದು. ಹಾಗಂತ ಹಗಲೂ ರಾತ್ರಿ ಅದನ್ನೇ ಕೆದಕಿಕೊಂಡು ಕೂಡಿ ಅಂತಲೂ ಅವರು ಹೇಳಲಿಲ್ಲ. ಒಬ್ಬ ನಂಬಿಕೆಯ ಮನುಷ್ಯನ ಮುಂದೆ ಅದನ್ನು ಹೊರಗೆ ತನ್ನಿ, ನೋಡಿ, ಅದರ ಜತೆ ಬದುಕಲು ಸಾಧ್ಯವಾಗುವಷ್ಟು ಪರಿಚಯ ಮಾಡಿಕೊಳ್ಳಿ ಅಂದರು.

ಇಲ್ಲಿ ನನಗೆ ಸಲ್ಲಸುತ್ತ ನೆನಪಾಗುತ್ತದೆ. ಬಾಣ ಬಿದ್ದವನಿಗೆ ಎರಡನೆಯ ಬಾಣವೂ ಬೀಳುತ್ತದೆ ಎಂದರಲ್ಲ ಭಗವಾನರು; ಮೊದಲನೆಯದು ಮೈಯ ನೋವು, ಎರಡನೆಯದು ಆ ನೋವಿನ ಜತೆ ನಾವು ಹೂಡುವ ಜಗಳ. ನಾವು ಇದನ್ನು ಎಷ್ಟೋ ಸಲ ಓದಿದ್ದೇವೆ. ಆದರೆ "ಮರೆತುಬಿಡು" ಅನ್ನುವ ಉಪದೇಶವೇ ಎರಡನೆಯ ಬಾಣ ಆಗಬಹುದೆಂದು ನನಗೆ ಹೊಳೆದದ್ದು ಈ ವೈದ್ಯರಿಂದ.

ಅವರು ಹೇಳಿದ ಒಬ್ಬ ಸೈನಿಕನ ಕತೆ ಕೇಳಿ. ಗೆಳೆಯನನ್ನು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಶೆಲ್ಲಿಗೆ ಛಿದ್ರವಾಗಿ ಬಿದ್ದಿದ್ದ ದೇಹ. ಅಂದಿನಿಂದ ಪ್ರತಿ ರಾತ್ರಿ ಆ ದೇಹವೇ ಕನಸಿನಲ್ಲಿ ಹತ್ತಿರ ಹತ್ತಿರ ಬರುತ್ತಿತ್ತು. ರಿವರ್ಸ್ ಅವನಿಗೆ ಸಮಾಧಾನದ ಮಾತು ಕಟ್ಟಲಿಲ್ಲ. ಅವನು ಕಂಡದ್ದನ್ನೇ ಮತ್ತೆ ಅವನ ಜತೆ ಕೂತು ನೋಡಿದರು. ದೇಹ ಅಷ್ಟು ಚೂರಾಗಿತ್ತು ಅಂದರೆ ನಿನ್ನ ಗೆಳೆಯ ಆ ಕ್ಷಣವೇ ಸತ್ತಿದ್ದಾನೆ, ಬೇರೆ ಎಷ್ಟೋ ಜನರ ಹಾಗೆ ಗಂಟೆಗಟ್ಟಲೆ ನರಳಲಿಲ್ಲ ಅಂತ ತೋರಿಸಿದರು. ಅದು ಸತ್ಯ. ಆ ಸತ್ಯ ಅವನ ಕಣ್ಣೆದುರೇ ಇತ್ತು, ನೋಡಲು ಧೈರ್ಯವಿರಲಿಲ್ಲ. ಕೆಲವು ರಾತ್ರಿ ಕನಸೇ ಬರಲಿಲ್ಲ. ಆಮೇಲೆ ಬಂದ ಕನಸಿನಲ್ಲಿ ಅವನು ಗೆಳೆಯನ ಪಕ್ಕ ಕೂತು ಅವನ ಸಾಮಾನು ಎತ್ತಿಟ್ಟುಕೊಂಡ, ಎದ್ದಾಗ ಅತ್ತ. ಹೆದರಿಕೆ ದುಃಖವಾಗಿತ್ತು. ದುಃಖವನ್ನು ಮನುಷ್ಯ ಹೊರಬಲ್ಲ.

ಇನ್ನೊಬ್ಬ ಸೈನಿಕನ ಕತೆಯನ್ನೂ ಅವರೇ ಬರೆದಿದ್ದಾರೆ. ಸ್ಫೋಟಕ್ಕೆ ಹಾರಿ, ದಿನಗಳ ಹಿಂದೆ ಸತ್ತ ಶತ್ರುವಿನ ಊದಿದ ದೇಹದ ಮೇಲೆ ಮುಖ ಮಾಡಿ ಬಿದ್ದವನು. ವಿವರ ಬೇಡ, ಮನೆಯಲ್ಲಿ ಮಕ್ಕಳೂ ಈ ಗ್ರೂಪು ಓದುತ್ತಾರೆ. ಅವನ ಅನುಭವದಲ್ಲಿ ಹಿಡಿದುಕೊಳ್ಳಲು ಒಂದು ಎಳೆಯೂ ರಿವರ್ಸ್ ಅವರಿಗೆ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಬರೆದರು. ಆ ಮನುಷ್ಯ ಸೈನ್ಯ ಬಿಟ್ಟು, ಹಿಂದೆ ನೆಮ್ಮದಿ ಕೊಟ್ಟಿದ್ದ ಹಳ್ಳಿಗಾಡಿಗೆ ಹೋಗುವುದೇ ಒಳ್ಳೆಯದೆಂದರು. ವಾಸಿ ಮಾಡಿದ್ದನ್ನು ಬರೆಯುವ ವೈದ್ಯರು ಬಹಳ, ಆಗದ್ದನ್ನು ಹೀಗೆ ಬರೆಯುವವರು ಕಡಿಮೆ. ಪ್ರವಚನ ಹೇಳುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು. ಯಾವ ದುಃಖಕ್ಕೂ ನಮ್ಮ ಹತ್ತಿರ ಒಂದು ಗಾಥೆ ರೆಡಿ ಇರುತ್ತದೆ. ಪಟಾಚಾರೆ ಗಂಡ, ಇಬ್ಬರು ಮಕ್ಕಳು, ತಂದೆತಾಯಿ ಎಲ್ಲರನ್ನೂ ಕಳೆದುಕೊಂಡು ಮೈಮೇಲಿನ ಬಟ್ಟೆಯ ಪರಿವೆ ಇಲ್ಲದೆ ಬಂದಾಗ ಜನ ಹುಚ್ಚಿ ಅಂತ ಓಡಿಸಿದರು. ಭಗವಾನರು ಅವಳನ್ನು ತಂಗಿ ಅಂತ ಕರೆದು ಎಚ್ಚರ ತಂದುಕೊ ಅಂದರು. ಒಬ್ಬರು ಬಟ್ಟೆ ಕೊಟ್ಟರು. ಮೊದಲು ಅವಳ ಕತೆ ಕೇಳಿದರು, ಉಪದೇಶ ಬಂದದ್ದು ಅದಾದ ಮೇಲೆ. ಈ ಅನುಕ್ರಮ ನಾವು ತಪ್ಪಿಸುತ್ತೇವೆ.

ಈಗ ಗಂಟಲಲ್ಲಿ ಸಿಕ್ಕುವ ಮಾತುಗಳಿಗೆ ಬರುತ್ತೇನೆ. ಕ್ರೇಗ್‌ಲಾಕ್‌ಹಾರ್ಟ್ ಆಫೀಸರುಗಳ ಆಸ್ಪತ್ರೆ. ರಿವರ್ಸ್ ಅವರ ತಾಳ್ಮೆ, ಒಬ್ಬೊಬ್ಬರಿಗೆ ಕೊಟ್ಟ ಗಂಟೆಗಟ್ಟಲೆ ಸಮಯ, ಇವೆಲ್ಲ ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಓದಿದ ಮನೆತನದವರಿಗೆ. ಸಾಮಾನ್ಯ ಸಿಪಾಯಿ ಮಾತು ಕಳೆದುಕೊಂಡರೆ? ಲಂಡನ್ನಿನಲ್ಲಿ ಯೀಲ್ಯಾಂಡ್ ಎಂಬ ವೈದ್ಯ ಅಂಥವರ ಗಂಟಲಿಗೆ ಕರೆಂಟು ಕೊಟ್ಟು, ಮಾತಾಡುವ ತನಕ ಕೋಣೆ ಬಿಟ್ಟು ಹೋಗಲು ಬಿಡಲಿಲ್ಲ, ಅದನ್ನು ಹೆಮ್ಮೆಯಿಂದ ಪುಸ್ತಕವಾಗಿ ಬರೆದ. ಒಂದೇ ಯುದ್ಧ, ಒಂದೇ ಶೆಲ್, ಮೇಲಿನವನಿಗೆ ಕುರ್ಚಿ ಹಾಕಿ ಮಾತು, ಕೆಳಗಿನವನಿಗೆ ಕರೆಂಟು. ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಆಫೀಸರುಗಳಿಗೆ ಕನಸು, ಆತಂಕ ಹೆಚ್ಚು, ಸಿಪಾಯಿಗಳಿಗೆ ಮೂಕತನ, ಲಕ್ವ ಹೆಚ್ಚು ಅಂತ ರಿವರ್ಸ್ ಗಮನಿಸಿದ್ದರು. ಆಜ್ಞೆ ಪಾಲಿಸುವುದಷ್ಟನ್ನೇ ಕಲಿಸಿದ ಮನುಷ್ಯನಿಗೆ ಇಲ್ಲ ಅನ್ನಲು ಬಾಯಿ ಇಲ್ಲದಾಗ ಮೈಯೇ ಇಲ್ಲ ಅನ್ನುತ್ತದೆ. ಇದು ನನ್ನ ಅರ್ಥ, ಅವರದಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ವಾಸಿಯಾದವರನ್ನು ರಿವರ್ಸ್ ಎಲ್ಲಿಗೆ ಕಳಿಸಿದರು? ಅನೇಕರನ್ನು ಮತ್ತೆ ಕಂದಕಕ್ಕೇ. 1917ರ ಜುಲೈಯಲ್ಲಿ ಸೀಗ್‌ಫ್ರೀಡ್ ಸಸೂನ್ ಎಂಬ ಆಫೀಸರು, ಕವಿ, ಶೌರ್ಯ ಪದಕ ಪಡೆದವನು, ಈ ಯುದ್ಧ ಇನ್ನು ಸುಮ್ಮನೆ ಬೆಳೆಯುತ್ತಿದೆ, ನಾನು ಹೋಗುವುದಿಲ್ಲ ಅಂತ ಬಹಿರಂಗ ಹೇಳಿಕೆ ಕೊಟ್ಟ. ಪದಕದ ಪಟ್ಟಿಯನ್ನು ಹೊಳೆಗೆ ಎಸೆದ. (ಇವನ ಮುತ್ತಜ್ಜ ಡೇವಿಡ್ ಸಸೂನ್ ಮುಂಬಯಿಯ ವ್ಯಾಪಾರಿ, ಅಲ್ಲಿಯ ಸಸೂನ್ ಡಾಕ್ ಅದೇ ಮನೆತನದ್ದು.) ಕೋರ್ಟ್ ಮಾರ್ಷಲ್ ಆದರೆ ಗದ್ದಲವಾಗುತ್ತದೆಂದು ಇವನಿಗೆ ತಲೆ ಸರಿಯಿಲ್ಲ ಅಂತ ರಿವರ್ಸ್ ಬಳಿ ಕಳಿಸಿದರು. ರಿವರ್ಸ್ ನೋಡಿದರು: ತಲೆ ಸರಿಯಾಗಿಯೇ ಇದೆ. ಅವನೊಡನೆ ವಾದ ಮಾಡುವುದು ತಮ್ಮ ಕರ್ತವ್ಯ ಅಂದುಕೊಂಡರು. ಆದರೆ ಅವನ ಮಾತು ಅವರ ನಿದ್ದೆಗೂ ಬಂತು. ತಮ್ಮ ಒಂದು ಕನಸನ್ನು ಬಿಡಿಸುತ್ತ ಅವರು ಬರೆದರು: ನಾನು ಯೂನಿಫಾರ್ಮಿನಲ್ಲಿ ಇರುವ ತನಕ ಈ ವಿಷಯದಲ್ಲಿ ಸ್ವತಂತ್ರ ಮನುಷ್ಯ ಅಲ್ಲ, ನನ್ನ ಅಭಿಪ್ರಾಯವನ್ನು ನನ್ನ ಹುದ್ದೆ ಬಾಗಿಸುತ್ತಿರಬಹುದು ಅಂತ. ಸಸೂನ್ ಕೊನೆಗೆ ತನ್ನ ಜತೆಗಾರರನ್ನು ಬಿಟ್ಟಿರಲಾರದೆ ತಾನೇ ಯುದ್ಧಕ್ಕೆ ಮರಳಿದ, ತಲೆಗೆ ಗುಂಡು ತಾಗಿತು, ಬದುಕಿದ. ಅದೇ ಆಸ್ಪತ್ರೆಯಲ್ಲಿ ಬೇರೊಬ್ಬ ವೈದ್ಯರ ಬಳಿ ಇದ್ದ ಕವಿ ವಿಲ್ಫ್ರೆಡ್ ಓವೆನ್ ಮರಳಿ ಹೋಗಿ, ಯುದ್ಧ ಮುಗಿಯಲು ಒಂದು ವಾರ ಇರುವಾಗ ಸತ್ತ.

ರಿವರ್ಸ್ ಮಾಡಿದ್ದು ಸಮ್ಮಾ ಆಜೀವವೇ? ನನ್ನ ಮಟ್ಟಿಗೆ ಅರ್ಧ ಹೌದು, ಅರ್ಧ ಅಲ್ಲ. ನಿದ್ದೆ ಮರಳಿ ಕೊಟ್ಟದ್ದು ಕರುಣೆ. ನಿದ್ದೆ ಬಂದವನನ್ನು ಮತ್ತೆ ಕೊಲ್ಲುವ ಜಾಗಕ್ಕೆ ಕಳಿಸಿದ್ದು ಕರುಣೆ ಅಲ್ಲ. ಅದು ಅವರಿಗೂ ಗೊತ್ತಿತ್ತು, ಅದರ ಭಾರ ಹೊತ್ತೇ ಕೆಲಸ ಮಾಡಿದರು. ಅಲ್ಜೀರಿಯಾದಲ್ಲಿ ಇಂಥದೇ ಇಕ್ಕಟ್ಟಿಗೆ ಸಿಕ್ಕ ಫ್ರಾಂಟ್ಜ್ ಫಾನನ್ ಎಂಬ ಕಪ್ಪು ಮನೋವೈದ್ಯ ಸರಕಾರಿ ಕೆಲಸಕ್ಕೇ ರಾಜೀನಾಮೆ ಕೊಟ್ಟರು. ಅವರು ತೀರಿಕೊಂಡದ್ದು 1961ರ ಡಿಸೆಂಬರ್ 6. ಆ ತಾರೀಖು ನಮಗೆ ಏನೆಂದು ಹೇಳಬೇಕಿಲ್ಲ. ಅವರ ಬಗ್ಗೆ ಡಿಸೆಂಬರಿನಲ್ಲೇ ಬರೆಯುತ್ತೇನೆ.

ಯುದ್ಧಕ್ಕೆ ಹೋಗುವುದಿಲ್ಲ ಎಂದ ಸಸೂನನನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಶಾಕ್ಯರ ಸಭೆ. ಬುದ್ಧ ಮತ್ತು ಆತನ ಧಮ್ಮದಲ್ಲಿ ಬಾಬಾಸಾಹೇಬರು ಸಿದ್ಧಾರ್ಥ ಮನೆ ಬಿಟ್ಟದ್ದಕ್ಕೆ ಕೊಡುವ ಕಾರಣ ಮುದುಕ, ರೋಗಿ, ಹೆಣ ಅಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು, ಕೋಲಿಯರು ಹೊಡೆದಾಡಿಕೊಂಡರು, ಸೇನಾಪತಿ ಯುದ್ಧ ಅಂದ, ಸಿದ್ಧಾರ್ಥ ಬೇಡ ಅಂದ, ಮತದಲ್ಲಿ ಸೋತ. ಸೇರದಿದ್ದರೆ ಮನೆಯವರಿಗೆ ಬಹಿಷ್ಕಾರ, ಹೊಲ ಮುಟ್ಟುಗೋಲು ಅಂತ ಹೆದರಿಸಿದರು. ಆಗ ತಾನೇ ಹೊರಟ. ಈಗ ನಮ್ಮಲ್ಲಿ ರೋಹಿಣಿ ಮಳೆ ನಡೆದಿದೆ, ಹತ್ತಿ ಬಿತ್ತಲು ಆಕಾಶ ನೋಡುತ್ತಿದ್ದೇವೆ. ಪಂಚಾಂಗದ ಮಾತಲ್ಲ, ಹೊಲದ ಮಾತು. ಕೃಷ್ಣಾ, ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ವಿಜಯನಗರ, ಬಹಮನಿ, ಆದಿಲ್‌ಶಾಹಿ ತಲೆಮಾರುಗಟ್ಟಲೆ ಕಾದಾಡಿದರು, 1520ರ ರಾಯಚೂರು ಕದನದ ತನಕ ಮತ್ತು ಆಮೇಲೂ. ಗೆದ್ದ ರಾಜರ ಹೆಸರು ಉಳಿದಿದೆ. ನಮ್ಮ ನಾಡಿನ ವೀರಗಲ್ಲು ನೋಡಿ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುತ್ತಾರೆ, ಮೇಲೆ ದೇವರ ಸನ್ನಿಧಿ. ಬದುಕಿ ಬಂದು ರಾತ್ರಿ ಅಂಗಳದಲ್ಲಿ ಕೂತ ಸಿಪಾಯಿಗೆ ಯಾವ ಕಲ್ಲಿನಲ್ಲೂ ಜಾಗ ಇಲ್ಲ.

ಒಂದು ಕಲ್ಲು ಮಾತ್ರ ಬೇರೆ ದಾರಿಯವನದು. ಅದು ನಮ್ಮ ಜಿಲ್ಲೆಯಲ್ಲೇ ಇದೆ, ಮಸ್ಕಿಯಲ್ಲಿ. ಅದು ಸಿಕ್ಕಿದ್ದು 1915ರಲ್ಲಿ, ರಿವರ್ಸ್ ಸೈನಿಕರನ್ನು ನೋಡಲು ಶುರು ಮಾಡಿದ ಅದೇ ವರ್ಷ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಲೋಕಕ್ಕೆ ತಿಳಿದದ್ದು ಆ ಬಂಡೆಯಿಂದ. ಕಳಿಂಗದಲ್ಲಿ ತಾನು ಮಾಡಿದ್ದನ್ನು, ಸತ್ತವರ ಲೆಕ್ಕ ಸಮೇತ, ಬೇರೆ ಬಂಡೆಗಳ ಮೇಲೆ ಕೊರೆಸಿ ಸಂಕಟಪಟ್ಟ ರಾಜ. ಮರೆತುಬಿಡಿ ಅನ್ನುವ ಮಂತ್ರಿಗಳು ಅವನಿಗೂ ಇದ್ದಿರಲೇಬೇಕು.

ಮರೆಯುವ ಮಾತು ಸೈನಿಕರಿಗಷ್ಟೇ ಅಲ್ಲ. ನಮ್ಮ ಕೇರಿಯ ಮುದುಕಿಯರು ಹೋಟೆಲಿನ ಬೇರೆ ಲೋಟ, ಕೆರೆಯಿಂದ ಕೊಡ ಒಡೆದು ಓಡಿಸಿದ ದಿನ, ಇವನ್ನು ಹೇಳಲು ಬಾಯಿ ತೆರೆದರೆ "ಹಳೇದು ಯಾಕವ್ವ ಈಗ" ಅಂತ ಮೊಮ್ಮಕ್ಕಳೇ ಬಾಯಿ ಮುಚ್ಚಿಸುತ್ತೇವೆ. ನಾವು ಭಾಷಣದಲ್ಲಿ ಶೋಷಣೆ ಅನ್ನುತ್ತೇವೆ, ಅವ್ವನ ಒಂದು ದಿನದ ಕತೆ ಕೇಳಲು ಕೂಡುವುದಿಲ್ಲ. ಬಾಬಾಸಾಹೇಬರು ಕೂತು ಬರೆದರು. ಬಂಡಿಯವನು ಮುಟ್ಟಲು ಹೆದರಿದ್ದು, ಬರೋಡಾದಲ್ಲಿ ಮನೆ ಸಿಗದೆ ಅತ್ತದ್ದು, ಎಲ್ಲ. ಅಷ್ಟು ಓದಿದ ಮನುಷ್ಯ ಅತ್ತೆ ಅಂತ ಬರೆಯಲು ನಾಚಲಿಲ್ಲ. ಭೀಮನ ಮಕ್ಕಳು ಅಳಬಾರದು ಎಂಬ ಮಾತನ್ನು ಯಾರು ಹುಟ್ಟಿಸಿದರೋ!

ಬಾಬಾಸಾಹೇಬರು 1920ರಿಂದ 1923ರವರೆಗೆ ಲಂಡನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ರಿವರ್ಸ್ ಕೊನೆಯ ದಿನಗಳಲ್ಲಿ ಅದೇ ವಿಶ್ವವಿದ್ಯಾಲಯದ ಕ್ಷೇತ್ರದಿಂದ ಲೇಬರ್ ಪಕ್ಷದ ಉಮೇದುವಾರರಾಗಲು ಒಪ್ಪಿದ್ದರು. ಲ್ಯಾಬಿನಲ್ಲಿ ಕೂಡುವ ಕಾಲ ಅಲ್ಲ ಇದು ಎನಿಸಿತ್ತು ಅವರಿಗೆ. ಚುನಾವಣೆಗೆ ಮೊದಲೇ ಹೊಟ್ಟೆಯ ಕಾಯಿಲೆಗೆ ಒಂದೇ ದಿನದಲ್ಲಿ ಹೋಗಿಬಿಟ್ಟರು. ಇಬ್ಬರೂ ಕೂತು ಚಹಾ ಕುಡಿದರು ಅಂತ ನಾಳೆ ಯಾರೂ ಫಾರ್ವರ್ಡ್ ಮಾಡಬೇಡಿ, ನಾನು ಹಾಗೆ ಹೇಳಿಲ್ಲ.

ಒಂದು ಕೆಲಸದ ಮಾತು. ಕಿವಿಗೊಡುವುದು ನಮ್ಮ ಕೆಲಸ, ಚಿಕಿತ್ಸೆ ಅಲ್ಲ. ನಿದ್ದೆ ಇಲ್ಲದವರು, ಕುಡಿತ ಬಿಡಲಾಗದವರು, ಸಾಯುವ ಮಾತಾಡುವವರು ನಿಮ್ಮ ಮನೆಯಲ್ಲಿದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. 14416 ಸರಕಾರದ ಟೆಲಿ ಮಾನಸ್ ನಂಬರು, ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಜತೆಗೆ ಬರಲು ಯಾರಾದರೂ ಬೇಕಿದ್ದರೆ ಬಳಗಕ್ಕೆ ಒಂದು ಫೋನು ಮಾಡಿ, ಬಸ್ ಚಾರ್ಜಿನ ಚಿಂತೆ ಬೇಡ.

ಸಂಜೆ ಏಳಕ್ಕೆ ವಿಹಾರದಲ್ಲಿ ಯೋಧಾಜೀವ ಸುತ್ತ ಓದೋಣ. ರಣದಲ್ಲಿ ಸತ್ತವನು ಸ್ವರ್ಗಕ್ಕೆ ಹೋಗುತ್ತಾನೆಂದು ನಮ್ಮ ಹಿರಿಯರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಅಂತ ಸೈನಿಕರ ಮುಖ್ಯಸ್ಥನೊಬ್ಬ ಕೇಳುತ್ತಾನೆ. ಕೇಳಬೇಡ ಅಂತ ಭಗವಾನರು ಎರಡು ಸಲ ತಪ್ಪಿಸುತ್ತಾರೆ. ಮೂರನೆಯ ಸಲ ಇಲ್ಲ ಅಂತ ನಿಜ ಹೇಳುತ್ತಾರೆ. ಅವನು ಅಳುತ್ತಾನೆ. ನಿಮ್ಮ ಮಾತಿಗೆ ಅಳುತ್ತಿಲ್ಲ, ಇಷ್ಟು ಕಾಲ ನನಗೆ ಮೋಸ ಮಾಡಿದರಲ್ಲ ಅಂತ ಅಳುತ್ತಿದ್ದೇನೆ ಅನ್ನುತ್ತಾನೆ. ಸೈನ್ಯದಲ್ಲಿದ್ದು ಬಂದ ಅಣ್ಣಂದಿರು ಮುಂದೆ ಕೂತುಕೊಳ್ಳಿ. ಓದುವುದು ಹತ್ತು ನಿಮಿಷ. ಉಳಿದ ಹೊತ್ತು ನೀವು ಮಾತಾಡಿ, ನಾವು ಕೇಳುತ್ತೇವೆ. ಮಾತು ಬರದಿದ್ದರೆ ಸುಮ್ಮನೆ ಕೂತರೂ ಆಯಿತು, ಅವಸರ ಇಲ್ಲ.

ಭವತು ಸಬ್ಬ ಮಂಗಲಂ.
ಜೈ ಭೀಮ್.
ಧಮ್ಮ ಅಧ್ಯಯನ ಬಳಗ, ಕಲ್ಮಲ